ಅಲ್ಯುಮಿನಾ ರಿಂಗ್ ಪುಡಿ ಮಾಡಿದರೆ ಕಬ್ಬಿಣ ಜಾಸ್ತಿ ಬರುತ್ತಿದೆ, ಯಾವ ಮಾರ್ಟರ್ ಬಳಸಬೇಕು?

ಪೀಣ್ಯ ಲ್ಯಾಬ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಒಂದು ಸಣ್ಣ ಸೆರಾಮಿಕ್ ಫ್ಯಾಕ್ಟರಿಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಪಂಪ್‌ಗೆ ಹಾಕುವ ಸೀಲ್ ರಿಂಗ್ ಮಾಡುತ್ತಾರೆ, 99.5 ಪರ್ಸೆಂಟ್ ಅಲ್ಯುಮಿನಾದಲ್ಲಿ (ಅಲ್ಯುಮಿನಿಯಂ ಆಕ್ಸೈಡ್). ಪ್ರತಿ ಲಾಟ್‌ನಿಂದ ರಿಂಗ್ ತೆಗೆದು ಕೆಮಿಕಲ್ ಅನಾಲಿಸಿಸ್ ಮಾಡಿ ಸರ್ಟಿಫಿಕೇಟ್ ಕೊಡುವುದು ನನ್ನ ಕೆಲಸ.

ತೊಂದರೆ ಇರುವುದು ಕಬ್ಬಿಣದಲ್ಲಿ. ನಮ್ಮ ಲ್ಯಾಬ್‌ನಲ್ಲಿ ಐರನ್ ಆಕ್ಸೈಡ್ 0.14 ಪರ್ಸೆಂಟ್ ಬರುತ್ತದೆ. ಅದೇ ಲಾಟ್‌ನ ರಿಂಗನ್ನು ಗ್ರಾಹಕರು ಹೊರಗಿನ ಲ್ಯಾಬ್‌ನಲ್ಲಿ ಮಾಡಿಸಿದರೆ 0.04. ನಾವು ಕೊಳ್ಳುವ ಅಲ್ಯುಮಿನಾ ಪುಡಿಯ ಸರ್ಟಿಫಿಕೇಟ್ ನೋಡಿದರೆ ಅದರಲ್ಲೂ 0.03ರ ಆಸುಪಾಸೇ ಇದೆ. ಸಿಲಿಕಾ ಕೂಡ ನಮ್ಮದು ಜಾಸ್ತಿ ತೋರಿಸುತ್ತದೆ. ಅದೂ ಇವತ್ತು ಬಂದ ಹಾಗೆ ನಾಳೆ ಬರಲ್ಲ.

ಈಗ ಮಾಡುತ್ತಿರುವ ಕ್ರಮ ಹೇಳುತ್ತೇನೆ. ರಿಂಗನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯುತ್ತೇವೆ. ಚೂರುಗಳನ್ನು ಸ್ಟೀಲ್ ಮಾರ್ಟರ್‌ನಲ್ಲಿ (ಕುಟ್ಟುವ, ಅರೆಯುವ ಒರಳು) ಕುಟ್ಟಿ ಸಣ್ಣದು ಮಾಡಿ, ಆಮೇಲೆ ಅಗೇಟ್ ಕಲ್ಲಿನ ಮಾರ್ಟರ್‌ನಲ್ಲಿ ಕೈಯಲ್ಲೇ ಅರ್ಧ ಗಂಟೆ ಅರೆಯುತ್ತೇವೆ. 0.2 ಗ್ರಾಂ ಪುಡಿಗೆ 2 ಗ್ರಾಂ ಲಿಥಿಯಂ ಟೆಟ್ರಾಬೋರೇಟ್ ಫ್ಲಕ್ಸ್ (ಕರಗಿಸಲು ಬೆರೆಸುವ ಉಪ್ಪು) ಹಾಕಿ ಪ್ಲಾಟಿನಂ ಕ್ರೂಸಿಬಲ್‌ನಲ್ಲಿ 1050 ಡಿಗ್ರಿಗೆ ಕರಗಿಸುತ್ತೇವೆ, ಇದೇ ಫ್ಯೂಶನ್. ಅದನ್ನು ನೈಟ್ರಿಕ್ ಆಸಿಡ್ ನೀರಿನಲ್ಲಿ ಕರಗಿಸಿ ಐಸಿಪಿಗೆ (ದ್ರಾವಣದಲ್ಲಿ ಯಾವ ಧಾತು ಎಷ್ಟಿದೆ ಅಂತ ಅಳೆಯುವ ಯಂತ್ರ) ಕೊಡುತ್ತೇವೆ. ಕೆಲವು ಸಲ ಬೀಕರ್ ತಳದಲ್ಲಿ ಬಿಳಿ ಚುಕ್ಕೆ ಚುಕ್ಕೆ ಕರಗದೆ ಉಳಿಯುತ್ತದೆ.

ತಲೆ ಕೆಡಿಸಿರುವ ವಿಷಯ ಏನೆಂದರೆ, ಅಮೆರಿಕದ ಅಳತೆ ಸಂಸ್ಥೆ ಎನ್‌ಐಎಸ್‌ಟಿಯ 699 ನಂಬರ್ ಅಲ್ಯುಮಿನಾ ಸ್ಟ್ಯಾಂಡರ್ಡ್ (ಒಳಗೆ ಏನೆಷ್ಟಿದೆ ಅಂತ ಮೊದಲೇ ಗೊತ್ತಿರುವ ಪುಡಿ) ನಮ್ಮ ಹತ್ತಿರ ಇದೆ. ಅದನ್ನು ಇದೇ ಫ್ಯೂಶನ್, ಇದೇ ಐಸಿಪಿಯಲ್ಲಿ ಮಾಡಿದರೆ ಸಂಖ್ಯೆ ಸರಿಯಾಗಿ ಬರುತ್ತದೆ. ಹಾಗಾಗಿ ಲ್ಯಾಬ್ ಸರಿ ಇದೆ, ರಿಂಗ್‌ನಲ್ಲೇ ಕಬ್ಬಿಣ ಇದೆ ಅಂತ ನಮ್ಮ ಮ್ಯಾನೇಜರ್ ಹೇಳುತ್ತಾರೆ. ಪ್ರೊಡಕ್ಷನ್‌ನವರು ಒಪ್ಪಲ್ಲ. ಎರಡು ಕಡೆಯ ಮಧ್ಯೆ ಲಾಟ್ ನಿಂತಿದೆ.

ಯಾವ ಮಾರ್ಟರ್ ತರಿಸಿದರೆ ಒಳ್ಳೆಯದು? ಮ್ಯಾಗ್ನೆಟ್ ಆಡಿಸಿ ಕಬ್ಬಿಣ ತೆಗೆದರೆ ಸಾಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಬಾಲ್‌ಮಿಲ್

ಸ್ಟೀಲ್ ಬಿಟ್ಟುಬಿಡಿ. ಟಂಗ್‌ಸ್ಟನ್ ಕಾರ್ಬೈಡ್ ಡಿಸ್ಕ್ ಮಿಲ್ ತರಿಸಿ. ಎರಡು ನಿಮಿಷ ಓಡಿಸಿದರೆ ಹಿಟ್ಟಿನ ಹಾಗೆ ಪುಡಿಯಾಗುತ್ತದೆ, ಕಬ್ಬಿಣದ ಕಾಟ ಇರಲ್ಲ. ರಿಫ್ರಾಕ್ಟರಿ (ಬಿಸಿ ತಾಳುವ ಇಟ್ಟಿಗೆ, ಸೆರಾಮಿಕ್) ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಅದನ್ನೇ ಬಳಸುವುದು.

ಮ್ಯಾಗ್ನೆಟ್ ಸಾಕಾಗಲ್ಲ. ದೊಡ್ಡ ಚೂರು ಮಾತ್ರ ಹಿಡಿಯುತ್ತದೆ. ಅಲ್ಯುಮಿನಾ ಕಣಕ್ಕೆ ಮೆತ್ತಿಕೊಂಡ ಕಬ್ಬಿಣ ಬರಬೇಕಾದರೆ ಆ ಕಣವೂ ಜೊತೆಗೇ ಹೋಗುತ್ತದೆ. ಮಾರ್ಟರ್ 304 ಸ್ಟೇನ್‌ಲೆಸ್‌ನದ್ದಾದರೆ ಮ್ಯಾಗ್ನೆಟ್‌ಗೆ ಸರಿಯಾಗಿ ಅಂಟುವುದೂ ಇಲ್ಲ.

ಮೂಸೆ

ಪೀಣ್ಯ ಲ್ಯಾಬ್, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. 699 ಸರಿ ಬರುತ್ತದೆ ಅಂದಿರಲ್ಲ. ಅದು ಬಾಟಲಿಯಲ್ಲಿ ಬರುವಾಗಲೇ ಪುಡಿ. ಅದನ್ನು ನೀವು ಸ್ಟೀಲ್‌ನಲ್ಲಿ ಕುಟ್ಟಿಲ್ಲ, ಅಗೇಟ್‌ನಲ್ಲಿ ಅರ್ಧ ಗಂಟೆ ಅರೆದಿಲ್ಲ. ಹಾಗಾಗಿ ಫ್ಯೂಶನ್‌ನಿಂದ ಆಚೆಗಿನ ಕೆಲಸ ಸರಿ ಇದೆ ಅಂತ ಮಾತ್ರ ಅದು ತೋರಿಸುತ್ತದೆ. ಫ್ಯೂಶನ್‌ಗೆ ಮುಂಚೆ ಏನಾಯಿತು ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ನಿಮ್ಮ ಮ್ಯಾನೇಜರ್‌ಗೆ ಇದನ್ನು ಮೊದಲು ಹೇಳಿ. ಪ್ರೊಡಕ್ಷನ್‌ನವರ ಮೇಲೆ ತಪ್ಪು ಹೊರಿಸುವ ಮುಂಚೆ ಇದು ತೀರ್ಮಾನ ಆಗಬೇಕು.

ಒಂದು ಸಣ್ಣ ಪರೀಕ್ಷೆ ಮಾಡಿ. ರಿಜೆಕ್ಟ್ ಆದ ಬಿಳಿ ರಿಂಗ್ ಒಂದನ್ನು ತಗೊಂಡು ಅದರ ಮೇಲೆ ಸ್ಟೀಲ್ ಸ್ಪ್ಯಾಟುಲಾದ ತುದಿಯಿಂದ ಗಟ್ಟಿಯಾಗಿ ಗೀಚಿ. ಬೂದು ಬಣ್ಣದ ಗೆರೆ ಬೀಳುತ್ತದೆ. ಬೆರಳಿಂದ ಉಜ್ಜಿದರೆ ಹೋಗಲ್ಲ. ರಿಂಗ್‌ಗೆ ಗಾಯ ಆಗಿಲ್ಲ, ಲೆನ್ಸ್ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಸವೆದದ್ದು ಸ್ಪ್ಯಾಟುಲಾ. ಆ ಗೆರೆಯ ಮೇಲೆ ಒಂದು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಬಿಡಿ. ಸ್ವಲ್ಪ ಹೊತ್ತಿಗೆ ಗೆರೆ ಮಾಯವಾಗುತ್ತದೆ. ನಿಮ್ಮ ಮಾರ್ಟರ್ ಒಳಗೆ ಪ್ರತಿ ಸಲ ನಡೆಯುತ್ತಿರುವುದು ಇದೇ.

ಎಷ್ಟು ಸವೆದರೆ ನಿಮ್ಮ ಲೆಕ್ಕ ಕೆಡುತ್ತದೆ ನೋಡಿ. ನಿಮಗೂ ಹೊರಗಿನವರಿಗೂ ಇರುವ ವ್ಯತ್ಯಾಸ 0.10 ಪರ್ಸೆಂಟ್. 10 ಗ್ರಾಂ ಸ್ಯಾಂಪಲ್‌ನಲ್ಲಿ ಅದು 10 ಮಿಲಿಗ್ರಾಂ ಐರನ್ ಆಕ್ಸೈಡ್. ಲೋಹದ ಲೆಕ್ಕದಲ್ಲಿ 7 ಮಿಲಿಗ್ರಾಂ. ಸ್ಟೀಲ್ ಮಾರ್ಟರ್‌ನಿಂದ 7 ಮಿಲಿಗ್ರಾಂ ಹೋದರೆ ಕಣ್ಣಿಗೆ ಕಾಣಲ್ಲ, ಮಾಮೂಲಿ ತಕ್ಕಡಿಯಲ್ಲೂ ಸಿಗಲ್ಲ. ಐಸಿಪಿಯಲ್ಲಿ ಮಾತ್ರ ಎದ್ದು ಕಾಣುತ್ತದೆ.

ಸಿಲಿಕಾ ವಿಷಯವೂ ಅಷ್ಟೇ. ಅಗೇಟ್ ಅಂದರೆ ಸಿಲಿಕಾನೇ. ಗಟ್ಟಿತನದ ಮೋಸ್ ಅಳತೆಯಲ್ಲಿ ಅದು 7, ನಿಮ್ಮ ರಿಂಗ್ 9. ಹಳ್ಳಿಯಲ್ಲಿ ಬೀಸುವ ಕಲ್ಲಿಗೆ ಹೊಸದಾಗಿ ಉಳಿ ಹೊಡೆಸಿದಾಗ ಮೊದಲು ಬೀಸಿದ ರಾಗಿ ಹಿಟ್ಟನ್ನು ಮನೆಯವರು ತಿನ್ನುತ್ತಿರಲಿಲ್ಲ, ಕಲ್ಲು ಬಂದಿರುತ್ತದೆ ಅಂತ. ಅಲ್ಲಿ ಕಲ್ಲು ಗಟ್ಟಿ, ರಾಗಿ ಮೆತ್ತಗೆ, ಆದರೂ ಆ ಎಚ್ಚರಿಕೆ. ಇಲ್ಲಿ ಅರೆಯುವ ಕಲ್ಲಿಗಿಂತ ಅರೆಸಿಕೊಳ್ಳುವುದೇ ಗಟ್ಟಿ. ಕೈಯಲ್ಲಿ ಅರೆಯುವಾಗ ಒಬ್ಬೊಬ್ಬರ ಒತ್ತಡ ಒಂದೊಂದು ಥರ, ಅದಕ್ಕೇ ನಿಮ್ಮ ಸಿಲಿಕಾ ದಿನಕ್ಕೊಂದು ಥರ ಬರುತ್ತಿದೆ. ನಾನು ಕೆಲಸ ಕಲಿತದ್ದು ಇನ್ಸುಲೇಟರ್ ಪಿಂಗಾಣಿ ಅನಾಲಿಸಿಸ್‌ನಲ್ಲಿ. ಅದಕ್ಕೆ ಅಗೇಟ್ ನಡೆಯುತ್ತದೆ. ಪಿಂಗಾಣಿಯಲ್ಲಿ ಸಿಲಿಕಾನೇ ದೊಡ್ಡ ಪಾಲು, ಸ್ವಲ್ಪ ಹೆಚ್ಚು ಬಂದರೂ ಲೆಕ್ಕ ಹೆಚ್ಚು ಕೆಡಲ್ಲ. 99.5 ಅಲ್ಯುಮಿನಾದಲ್ಲಿ ಹಾಗಲ್ಲ. ಅಲ್ಲಿ ಎಲ್ಲ ಕಲ್ಮಶ ಸೇರಿ ಇರುವುದೇ ಅರ್ಧ ಪರ್ಸೆಂಟ್.

ಈಗ ಯಾವ ಮಾರ್ಟರ್ ಅನ್ನುವುದಕ್ಕೆ ಬರೋಣ. ಏನೂ ಬಿಡದ ಮಾರ್ಟರ್ ಅಂತ ಯಾವುದೂ ಇಲ್ಲ. ಗಟ್ಟಿ ಸೆರಾಮಿಕ್ ಅರೆದರೆ ಎಲ್ಲವೂ ಸವೆಯುತ್ತವೆ. ಹಾಗಾಗಿ ನೀವು ಯಾವುದನ್ನು ರಿಪೋರ್ಟ್ ಮಾಡಬೇಕಿಲ್ಲವೋ ಅದರಿಂದ ಮಾಡಿದ ಮಾರ್ಟರ್ ಆರಿಸಿಕೊಳ್ಳಿ. ನಿಮಗೆ ಬೇಕಾದದ್ದು ಕಬ್ಬಿಣ, ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ. ಬೇಡವಾದದ್ದು ಅಲ್ಯುಮಿನಾ. ಅದು ಹೇಗೂ 99.5 ಇದೆ.

ಅಂದರೆ ಅಲ್ಯುಮಿನಾ ರಿಂಗನ್ನು ಅಲ್ಯುಮಿನಾ ಮಾರ್ಟರ್‌ನಲ್ಲೇ ಅರೆಯಿರಿ. ಲೆಕ್ಕ ಹಾಕಿ ನೋಡಿ. ಮಾರ್ಟರ್ ತುಂಬಾ ಸವೆದು ಪುಡಿಯಲ್ಲಿ 1 ಪರ್ಸೆಂಟ್ ಸೇರಿತು ಅಂದುಕೊಳ್ಳಿ. ಆ ಮಾರ್ಟರ್‌ನಲ್ಲಿ ಐರನ್ ಆಕ್ಸೈಡ್ 0.05 ಪರ್ಸೆಂಟ್ ಇದ್ದರೂ ನಿಮ್ಮ ಸ್ಯಾಂಪಲ್‌ಗೆ ಸೇರುವುದು 0.0005. ಇದನ್ನು ಮರೆತುಬಿಡಬಹುದು. ಸ್ಟೀಲ್ ಅಷ್ಟೇ ಸವೆದಿದ್ದರೆ ಸುಮಾರು ಒಂದು ಪರ್ಸೆಂಟ್ ಕಬ್ಬಿಣವೇ ಬಂದಿರುತ್ತಿತ್ತು. ನಿಮ್ಮದು ಅಲ್ಯುಮಿನಾ ಮಾಡುವ ಫ್ಯಾಕ್ಟರಿ ಅಲ್ವಾ? ನಿಮ್ಮಲ್ಲಿ 99.7, 99.8 ಪರ್ಸೆಂಟ್ ಅಲ್ಯುಮಿನಾದ ಮಿಶ್ರಣ ಇದ್ದರೆ ಪ್ರೊಡಕ್ಷನ್‌ನವರನ್ನು ಕೇಳಿ ಒಂದು ಮಾರ್ಟರ್, ಒಂದು ಗುಂಡು ಮಾಡಿಸಿಕೊಳ್ಳಿ. ಒತ್ತಿ, ಸುಟ್ಟು, ಒಳಗಡೆ ಡೈಮಂಡ್‌ನಲ್ಲಿ ನಯ ಮಾಡಿಸಿ. ಅದರದ್ದೇ ಒಂದು ಚೂರನ್ನು ಅನಾಲಿಸಿಸ್ ಮಾಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಇಷ್ಟು ಅನುಕೂಲ ಎಲ್ಲ ಲ್ಯಾಬ್‌ಗೆ ಸಿಗಲ್ಲ.

ಬಾಲ್‌ಮಿಲ್ ಅವರು ಹೇಳಿದ ಟಂಗ್‌ಸ್ಟನ್ ಕಾರ್ಬೈಡ್ ಕೂಡ ಒಳ್ಳೆಯ ದಾರಿಯೇ, ಬೇಗ ಆಗುತ್ತದೆ. ಆದರೆ ಅದನ್ನು ಕಣ್ಣು ಮುಚ್ಚಿ ಬಳಸಬೇಡಿ. ಅದರಲ್ಲಿ ಕಾರ್ಬೈಡ್ ಕಣಗಳನ್ನು ಹಿಡಿದಿಡುವುದು ಕೋಬಾಲ್ಟ್. ಸವೆದರೆ ಟಂಗ್‌ಸ್ಟನ್ ಜೊತೆ ಅದೂ ಬರುತ್ತದೆ. ಕೆಲವು ಗ್ರೇಡ್‌ನಲ್ಲಿ ಟೈಟಾನಿಯಂ, ಟ್ಯಾಂಟಲಂ ಇರುತ್ತವೆ, ಯಾವ ಗ್ರೇಡ್ ಅಂತ ಮಾರುವವರನ್ನು ಕೇಳಿ ತಿಳಿದುಕೊಳ್ಳಿ. ಇನ್ನೊಂದು, ಸುಟ್ಟಾಗ ಕಾರ್ಬೈಡ್ ಆಕ್ಸೈಡ್ ಆಗಿ ತೂಕ ಏರುತ್ತದೆ. 1 ಗ್ರಾಂ ಟಂಗ್‌ಸ್ಟನ್ ಕಾರ್ಬೈಡ್ ಸುಟ್ಟರೆ 1.18 ಗ್ರಾಂ ಟಂಗ್‌ಸ್ಟನ್ ಆಕ್ಸೈಡ್. ಲಾಸ್ ಆನ್ ಇಗ್ನಿಷನ್ (ಸುಟ್ಟಾಗ ಕಳೆಯುವ ತೂಕ) ತೆಗೆಯುವವರಿಗೆ ಇದು ಉಲ್ಟಾ ಹೊಡೆಯುತ್ತದೆ, ಇರಬೇಕಾದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಪುಡಿಯಲ್ಲಿ ಟಂಗ್‌ಸ್ಟನ್ ಎಷ್ಟಿದೆ ಅಂತ ಅಳೆದು ಆ ತೂಕ ಕಳೆಯಬೇಕು. ಪುಡಿಯನ್ನು ಮೊದಲು ಪಿಂಗಾಣಿ ಕ್ರೂಸಿಬಲ್‌ನಲ್ಲಿ ಚೆನ್ನಾಗಿ ಸುಟ್ಟು ಆಮೇಲೆ ಪ್ಲಾಟಿನಂಗೆ ಹಾಕಿ. ಸುಡದ ಕಾರ್ಬೈಡ್ ಪ್ಲಾಟಿನಂಗೆ ಒಳ್ಳೆಯದಲ್ಲ.

ಹಾಗೆ ನೋಡಿದರೆ ಸ್ಟೀಲ್ ಚೂರು ಪ್ಲಾಟಿನಂಗೆ ಇನ್ನೂ ಕೆಟ್ಟದ್ದು. ಲೋಹದ ಕಬ್ಬಿಣ ಪ್ಲಾಟಿನಂ ಜೊತೆ ಸೇರಿ ಒಳಗೆ ಹೋಗಿ ಕೂರುತ್ತದೆ. ಈ ಸಲ ಒಳಗೆ ಹೋದದ್ದು ಮುಂದಿನ ಸ್ಯಾಂಪಲ್‌ನಲ್ಲಿ ಹೊರಗೆ ಬರಬಹುದು. ನಿಮ್ಮ ಕ್ರೂಸಿಬಲ್‌ನಲ್ಲಿ ಪೊಟ್ಯಾಸಿಯಂ ಬೈಸಲ್ಫೇಟ್ ಕರಗಿಸಿ ಒಳಗೋಡೆ ಪೂರ್ತಿ ತಾಗುವ ಹಾಗೆ ತಿರುಗಿಸಿ ಚೆಲ್ಲಿ. ಕರಗಿದ ಉಪ್ಪು ಹಳದಿ ಬರುತ್ತಿದ್ದರೆ ಇನ್ನೂ ಕಬ್ಬಿಣ ಇದೆ ಅಂತ ಅರ್ಥ. ಬಿಳಿ ಬರುವವರೆಗೂ ಬಿಡಬೇಡಿ.

ಇನ್ನು ಒಡೆಯುವ ಕೆಲಸ. ಜನ ಅರೆಯುವುದರ ಬಗ್ಗೆ ಯೋಚನೆ ಮಾಡುತ್ತಾರೆ, ಒಡೆಯುವುದನ್ನು ಹೇಗೋ ಮಾಡುತ್ತಾರೆ. ಸೀಲ್ ರಿಂಗ್‌ನ ಮುಖವನ್ನು ಲ್ಯಾಪಿಂಗ್ (ಪ್ಲೇಟ್ ಮೇಲೆ ಉಜ್ಜಿ ನಯ ಮಾಡುವುದು) ಮಾಡಿರುತ್ತಾರೆ ಅಲ್ವಾ? ಲ್ಯಾಪಿಂಗ್ ಪ್ಲೇಟ್ ಬೀಡು ಕಬ್ಬಿಣದ್ದೋ ತಾಮ್ರದ್ದೋ ಇದ್ದರೆ ಅದರ ಗುರುತು ಮುಖದ ಮೇಲೆ ಉಳಿದಿರುತ್ತದೆ. ಅದು ರಿಂಗ್ ಒಳಗಿನ ಕಬ್ಬಿಣ ಅಲ್ಲ. ಹಾಗಾಗಿ ಒಡೆಯುವ ಮುಂಚೆ ಇಡೀ ರಿಂಗನ್ನು ಬಿಸಿ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ, ಅರ್ಧ ಆಸಿಡ್ ಅರ್ಧ ನೀರು, ಸ್ವಲ್ಪ ಹೊತ್ತು ಇಟ್ಟು ಶುದ್ಧ ನೀರಿನಲ್ಲಿ ತೊಳೆದು ಒಣಗಿಸಿ.

ಆಮೇಲೆ ಸುತ್ತಿಗೆಗೆ ಕೈ ಹಾಕುವ ಮುಂಚೆ ಬಿಸಿಯಿಂದಲೇ ಬಿರುಕು ಬಿಡಿಸಿ. ಅಲ್ಯುಮಿನಾ ದಿಢೀರ್ ಅಂತ ಸುಮಾರು 200 ಡಿಗ್ರಿ ವ್ಯತ್ಯಾಸ ಕಂಡರೆ ಬಿರುಕು ಬಿಡುತ್ತದೆ. ರಿಂಗನ್ನು ಅಲ್ಯುಮಿನಾ ಕ್ರೂಸಿಬಲ್‌ನಲ್ಲಿಟ್ಟು 600 ಡಿಗ್ರಿಗೆ ಕಾಯಿಸಿ, ಕ್ವಾರ್ಟ್ಜ್ ಬೀಕರ್‌ನಲ್ಲಿರುವ ಶುದ್ಧ ನೀರಿಗೆ ಹಾಕಿ. ಮುಖಕ್ಕೆ ಶೀಲ್ಡ್ ಇರಲಿ, ಉದ್ದನೆಯ ಇಕ್ಕಳ ಇರಲಿ. ಒಳಗೆಲ್ಲ ಬಿರುಕು ಬಿಟ್ಟಿರುತ್ತದೆ. ಆಮೇಲೆ ಒಡೆಯುವುದಕ್ಕೆ ಕಾಲು ಭಾಗ ಶ್ರಮ ಸಾಕು. ದಪ್ಪ ಪಾಲಿಥಿನ್ ಕವರ್ ಎರಡು ಮೂರು ಪದರ ಹಾಕಿ ಅದರೊಳಗೆ ಒಡೆಯಿರಿ. ಬಟ್ಟೆ ಬೇಡ, ಅದರ ನೂಲಿನಲ್ಲಿ ಏನೇನಿರುತ್ತದೋ.

ಚೂರು ಸಣ್ಣದಾಗುವವರೆಗೂ ಸ್ಟೀಲ್ ಪೂರ್ತಿ ತಪ್ಪಿಸುವುದು ಕಷ್ಟ. ಆದರೆ ಸ್ಟೀಲ್‌ನಲ್ಲಿ ಕುಟ್ಟಿ, ಅರೆಯಬೇಡಿ. ಮೇಲಿಂದ ನೇರ ಪೆಟ್ಟು ಹಾಕಿದರೆ ಸ್ಟೀಲ್ ಕಡಿಮೆ ಸವೆಯುತ್ತದೆ, ಗುಂಡನ್ನು ತಿರುಗಿಸಿ ಉಜ್ಜಿದರೆ ಜಾಸ್ತಿ. ಕೊಳವೆಯೊಳಗೆ ಪಿಸ್ಟನ್ ಇಟ್ಟು ಸುತ್ತಿಗೆಯಿಂದ ಹೊಡೆಯುವ ಮಾರ್ಟರ್ ಸಿಗುತ್ತದೆ, ಅದು ಈ ಕೆಲಸಕ್ಕೇ ಇರುವುದು. ಹರಳು ಒಂದು ಮಿಲಿಮೀಟರ್ ಆಸುಪಾಸು ಇರುವಾಗಲೇ ನಿಲ್ಲಿಸಿ. ಅದೇ ಹಂತದಲ್ಲಿ ಮತ್ತೊಮ್ಮೆ ಆಸಿಡ್‌ನಲ್ಲಿ ಹಾಕಿ ಸ್ಟೀಲ್ ಕಳೆಯಿರಿ, ತೊಳೆಯಿರಿ, ಒಣಗಿಸಿ. ನುಣ್ಣಗೆ ಅರೆದ ಮೇಲೆ ಮಾತ್ರ ಆಸಿಡ್‌ನಲ್ಲಿ ತೊಳೆಯಬೇಡಿ. 99.5 ಅಲ್ಯುಮಿನಾದಲ್ಲಿ ಕಣಕಣಗಳ ನಡುವೆ ಗಾಜಿನಂಥ ತೆಳು ಪದರ ಇರುತ್ತದೆ, ಕ್ಯಾಲ್ಸಿಯಂ ಮತ್ತು ಸಿಲಿಕಾ ಇರುವುದು ಮುಖ್ಯವಾಗಿ ಅಲ್ಲೇ. ನುಣ್ಣನೆ ಪುಡಿಯಲ್ಲಿ ಆ ಪದರ ತೆರೆದುಕೊಂಡಿರುತ್ತದೆ. ಆಸಿಡ್ ಅದನ್ನು ತಿನ್ನುತ್ತದೆ. ಕಬ್ಬಿಣ ಸರಿಮಾಡಲು ಹೋಗಿ ಕ್ಯಾಲ್ಸಿಯಂ ಕಳೆದುಕೊಳ್ಳುತ್ತೀರಿ.

ಇದನ್ನೆಲ್ಲ ಮಾಡಿದ ಮೇಲೂ ಸುಮ್ನೆ ನಂಬಬೇಡಿ, ಅಳೆಯಿರಿ. ಒಂದೇ ಲಾಟ್‌ನ ಹರಳನ್ನು ನಾಲ್ಕು ಪಾಲು ಮಾಡಿ. ಒಂದನ್ನು 5 ನಿಮಿಷ ಅರೆಯಿರಿ, ಇನ್ನೊಂದನ್ನು 10, ಆಮೇಲೆ 20, 40. ನಾಲ್ಕರಲ್ಲೂ ಕಬ್ಬಿಣ, ಸಿಲಿಕಾ ಅಳೆದು ಗ್ರಾಫ್ ಹಾಕಿ. ಗೆರೆ ಮೇಲಕ್ಕೆ ಏರುತ್ತಿದ್ದರೆ ಏರಿದ್ದೆಲ್ಲ ಮಾರ್ಟರ್‌ನದ್ದು. ಆ ಗೆರೆಯನ್ನು ಹಿಂದಕ್ಕೆ ಎಳೆದು ಸೊನ್ನೆ ನಿಮಿಷದಲ್ಲಿ ಎಲ್ಲಿ ಮುಟ್ಟುತ್ತದೆ ನೋಡಿ, ರಿಂಗ್‌ನ ನಿಜವಾದ ಕಬ್ಬಿಣ ಅದಕ್ಕೆ ಹತ್ತಿರ ಇರುತ್ತದೆ. ಗೆರೆ ಮಟ್ಟಸವಾಗಿದ್ದರೆ ನಿಮ್ಮ ಮಾರ್ಟರ್ ಈ ಕೆಲಸಕ್ಕೆ ಸರಿ. ಈಗಿನ ಸ್ಟೀಲ್, ಅಗೇಟ್‌ನಲ್ಲೂ ಇದೇ ಪರೀಕ್ಷೆ ಮಾಡಿ ಎರಡೂ ಗ್ರಾಫ್ ಮ್ಯಾನೇಜರ್ ಮುಂದೆ ಇಟ್ಟರೆ ವಾದ ಮಾಡುವ ಅಗತ್ಯವೇ ಬೀಳಲ್ಲ.

ಕ್ವಾರ್ಟ್ಜ್ ಮರಳು ಅರೆದು ಬ್ಲಾಂಕ್ (ಸ್ಯಾಂಪಲ್ ಇಲ್ಲದೆ ಬರುವ ಸಂಖ್ಯೆ, ಆಮೇಲೆ ಕಳೆಯುವುದಕ್ಕೆ) ತೆಗೆಯಿರಿ ಅಂತ ಯಾರಾದರೂ ಹೇಳಬಹುದು. ಅದು ಹಿಂದಿನ ಸ್ಯಾಂಪಲ್ ಏನಾದರೂ ಉಳಿದಿದೆಯಾ ನೋಡುವುದಕ್ಕೆ ಸರಿ. ಸವೆತ ಅಳೆಯುವುದಕ್ಕೆ ತಪ್ಪು. ಕ್ವಾರ್ಟ್ಜ್ 7, ಅಲ್ಯುಮಿನಾ 9. ಮೆತ್ತನೆಯದನ್ನು ಅರೆದು ಬಂದ ಬ್ಲಾಂಕ್ ಯಾವಾಗಲೂ ಕಡಿಮೆ ತೋರಿಸುತ್ತದೆ. ಅದನ್ನು ಕಳೆದು ಕಬ್ಬಿಣ ಸರಿಯಾಯಿತು ಅಂದುಕೊಂಡರೆ ಅಪಾಯ.

ಬಿಳಿ ಚುಕ್ಕೆ ಕರಗದ ಅಲ್ಯುಮಿನಾನೇ. ಪುಡಿ ದಪ್ಪ ಇದೆ. ಪೂರ್ತಿ 45 ಮೈಕ್ರಾನ್ ಒಳಗೆ ಬರಬೇಕು. ಹಿತ್ತಾಳೆ ಜರಡಿ ಬೇಡ, ತಾಮ್ರ, ಸತು ಬರುತ್ತವೆ. ನೈಲಾನ್ ಬಟ್ಟೆಯ ಜರಡಿ ಬಳಸಿ. ಮೇಲೆ ಉಳಿದದ್ದನ್ನು ಎಸೆಯಬೇಡಿ, ಮತ್ತೆ ಅರೆದು ಎಲ್ಲವನ್ನೂ ಇಳಿಸಿ. ಬೇಗ ಪುಡಿಯಾಗುವ ಭಾಗ, ತಡವಾಗಿ ಆಗುವ ಭಾಗ ಎರಡರ ಕಲ್ಮಶ ಒಂದೇ ಇರಬೇಕು ಅಂತ ಏನಿಲ್ಲ. ಫ್ಯೂಶನ್ 1100 ಡಿಗ್ರಿಗೆ ಏರಿಸಿ, ಮಧ್ಯೆ ಮಧ್ಯೆ ಇಕ್ಕಳದಲ್ಲಿ ಹಿಡಿದು ತಿರುಗಿಸಿ. ಟೆಟ್ರಾಬೋರೇಟ್ ಒಂದೇ ಬದಲು ಮೆಟಾಬೋರೇಟ್ ಬೆರೆತ 66:34ರ ಫ್ಲಕ್ಸ್ ತಗೊಂಡು, ಪುಡಿಗೆ ಫ್ಲಕ್ಸ್ 1:10 ಬದಲು 1:15 ಮಾಡಿ ನೋಡಿ. ಸ್ಟ್ಯಾಂಡರ್ಡ್ ದ್ರಾವಣಗಳಲ್ಲೂ ಅಷ್ಟೇ ಫ್ಲಕ್ಸ್ ಇರಬೇಕು. ಮಳೆಗಾಲದಲ್ಲಿ ಫ್ಲಕ್ಸ್ ಡಬ್ಬಿ ತೆರೆದಿಟ್ಟರೆ ತೇವ ಹೀರುತ್ತದೆ, ತೂಕ ತಪ್ಪುತ್ತದೆ.

ಒಂದು ಮಾತು ನೆನಪಿರಲಿ. ನುಣ್ಣಗಾದಷ್ಟೂ ಚೆನ್ನಾಗಿ ಕರಗುತ್ತದೆ, ನುಣ್ಣಗಾದಷ್ಟೂ ಮಾರ್ಟರ್ ಹೆಚ್ಚು ಸವೆಯುತ್ತದೆ. ಕರಗುವುದಕ್ಕೆ ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲಿಸಿ.

ಬಾಲ್‌ಮಿಲ್

ತೂಕ ಏರುವ ವಿಷಯ ಒಪ್ಪಿದೆ ಮೇಡಂ. ಫ್ಯೂಸ್ಡ್ ಬೀಡ್ ಎಕ್ಸ್‌ಆರ್‌ಎಫ್ (ಫ್ಲಕ್ಸ್‌ನಲ್ಲಿ ಕರಗಿಸಿದ ಬಿಲ್ಲೆಯನ್ನು ಎಕ್ಸ್‌ರೇಯಿಂದ ಅಳೆಯುವ) ಕ್ರಮದ ಸ್ಟ್ಯಾಂಡರ್ಡ್ ಐಎಸ್‌ಒ 12677ರಲ್ಲೂ ಟಂಗ್‌ಸ್ಟನ್ ಕಾರ್ಬೈಡ್‌ನಲ್ಲಿ ಅರೆದಾಗ ತಿದ್ದುಪಡಿ ಮಾಡಲು ಹೇಳಿದ್ದಾರೆ. ದಿನಕ್ಕೆ ಹತ್ತಾರು ಸ್ಯಾಂಪಲ್ ಬರುವ ಕಡೆ ಕೈಯಲ್ಲಿ ಅರೆಯುತ್ತಾ ಕೂರಲು ಆಗಲ್ಲ, ಅದಕ್ಕೆ ಡಿಸ್ಕ್ ಮಿಲ್ ಹೇಳಿದೆ. ಅಲ್ಯುಮಿನಾ ಜಾರ್ ಇರುವ ಮಿಲ್ ಕೂಡ ಸಿಗುತ್ತದೆ, ಜೋರಾಗಿ ಓಡಿಸಿದರೆ ಅಂಚು ಚಕ್ಕೆ ಏಳುತ್ತದೆ ಅಷ್ಟೇ. ಇಟ್ರಿಯಾ ಸೇರಿಸಿದ ಜಿರ್ಕೋನಿಯಾ ಜಾರ್ ಅದಕ್ಕಿಂತ ತಾಳುತ್ತದೆ. ಜಿರ್ಕೋನಿಯಂ, ಹಾಫ್ನಿಯಂ, ಇಟ್ರಿಯಂ ಬರುತ್ತವೆ, ಇವರು ಅವನ್ನು ರಿಪೋರ್ಟ್ ಮಾಡಬೇಕಿಲ್ಲ ಅಂದರೆ ಪರವಾಗಿಲ್ಲ.

ಪೀಣ್ಯ ಲ್ಯಾಬ್

ಮೂಸೆ ಮೇಡಂ, ಬಾಲ್‌ಮಿಲ್ ಸರ್, ತುಂಬಾ ಥ್ಯಾಂಕ್ಸ್. ಸ್ಪ್ಯಾಟುಲಾ ಗೀಚಿ ನೋಡಿದೆ, ಬೂದು ಗೆರೆ ಬಿತ್ತು. ಅದನ್ನೇ ಮ್ಯಾನೇಜರ್‌ಗೂ ತೋರಿಸಿದೆ. ಅರೆಯುವ ಪರೀಕ್ಷೆಗೆ ಒಪ್ಪಿದ್ದಾರೆ. ಡೈ ಶಾಪ್‌ನವರು ಮಾರ್ಟರ್ ಒತ್ತಿಕೊಡುತ್ತೇವೆ ಅಂದಿದ್ದಾರೆ.

ಇನ್ನೊಂದು ಕೇಳಬೇಕಿತ್ತು. ಮುಂದಿನ ತಿಂಗಳಿಂದ ಸಿಲಿಕಾನ್ ಕಾರ್ಬೈಡ್ ರಿಂಗ್ ಕೂಡ ಬರುತ್ತದಂತೆ, ಹೊರಗಿನಿಂದ ತರಿಸಿ ಇಲ್ಲಿ ಲ್ಯಾಪಿಂಗ್ ಮಾತ್ರ ಮಾಡುತ್ತಾರೆ. ಬಂದ ಮಾಲಿನ ಅನಾಲಿಸಿಸ್ ನಾನೇ ಮಾಡಬೇಕು. ಇದೇ ಕ್ರಮ ಅದಕ್ಕೂ ನಡೆಯುತ್ತಾ? ಅಲ್ಯುಮಿನಾದಲ್ಲಿ ಸೋಡಿಯಂ ಕೂಡ ಕೇಳುತ್ತಿದ್ದಾರೆ, ಅದು ಫ್ಯೂಶನ್‌ನಲ್ಲಿ ಸರಿಯಾಗಿ ಬರುತ್ತಿಲ್ಲ.

ಕಪ್ಪು ಹರಳು

ಸಿಲಿಕಾನ್ ಕಾರ್ಬೈಡ್ ನನ್ನ ದಿನದ ಕೆಲಸ, ಅದಕ್ಕೆ ನಾನು ಬರೆಯುತ್ತೇನೆ.

ಮೊದಲ ಮಾತು: ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಫ್ಲಕ್ಸ್ ಜೊತೆ ಬೆರೆಸಿ ನೇರವಾಗಿ ಪ್ಲಾಟಿನಂನಲ್ಲಿ ಕರಗಿಸಲು ಹೋಗಬೇಡಿ ಮಾರಾಯ್ರೇ. ಸಿಲಿಕಾನ್ ಪ್ಲಾಟಿನಂ ಜೊತೆ ಸೇರಿ ಕಡಿಮೆ ಬಿಸಿಗೇ ಕರಗುವ ಸಿಲಿಸೈಡ್ ಆಗುತ್ತದೆ. ಕ್ರೂಸಿಬಲ್ ತಳ ತೂತಾಗುತ್ತದೆ. ಮೊದಲು ಕಾರ್ಬೈಡ್ ಆಕ್ಸೈಡ್ ಆಗಬೇಕು. ಒಂದು ದಾರಿ ಹೀಗೆ. ಕ್ರೂಸಿಬಲ್‌ನಲ್ಲಿ ಬರಿಯ ಟೆಟ್ರಾಬೋರೇಟ್ ಕರಗಿಸಿ, ತಿರುಗಿಸುತ್ತಾ ಒಳಗೋಡೆಗೆಲ್ಲ ಪದರ ಕೂರಿಸಿ ಆರಿಸಿ. ಮಧ್ಯದಲ್ಲಿ ಲಿಥಿಯಂ ಕಾರ್ಬೊನೇಟ್ ಜೊತೆ ಬೆರೆಸಿದ ಸ್ಯಾಂಪಲ್ ಇಡಿ. ಪುಡಿ ಪ್ಲಾಟಿನಂಗೆ ತಾಗಬಾರದು. ನಿಧಾನವಾಗಿ, ಗಂಟೆಗಟ್ಟಲೆ, ಹಂತ ಹಂತವಾಗಿ ಬಿಸಿ ಏರಿಸಿ. ಕಪ್ಪು ಪೂರ್ತಿ ಹೋದ ಮೇಲೆ ಮಾತ್ರ ಕೊನೆಯ ಫ್ಯೂಶನ್. ಇದರಲ್ಲಿ ಅವಸರ ಮಾಡಿದವರು ಪ್ಲಾಟಿನಂ ಕಳೆದುಕೊಳ್ಳುತ್ತಾರೆ.

ಇನ್ನೊಂದು ದಾರಿ ಸೋಡಿಯಂ ಪೆರಾಕ್ಸೈಡ್, ಜಿರ್ಕೋನಿಯಂ ಕ್ರೂಸಿಬಲ್‌ನಲ್ಲಿ. ಬೇಗ ಆಗುತ್ತದೆ, ಆದರೆ ಕಾರ್ಬೈಡ್ ಜೊತೆ ಅದು ಸಿಡಿಯುವಷ್ಟು ಜೋರಾಗಿ ಕೆಲಸ ಮಾಡುತ್ತದೆ. ಸೋಡಿಯಂ ಕಾರ್ಬೊನೇಟ್ ಬೆರೆಸಿ, ಸ್ವಲ್ಪವೇ ಪುಡಿ ತಗೊಂಡು, ಫ್ಯೂಮ್ ಹುಡ್‌ನಲ್ಲಿ ಮೆಲ್ಲಗೆ ಬಿಸಿ ಮಾಡಬೇಕು. ಗೊತ್ತಿರುವವರು ಪಕ್ಕದಲ್ಲಿ ನಿಂತು ತೋರಿಸದೆ ಮೊದಲ ಸಲ ಮಾಡಬೇಡಿ.

ಅರೆಯುವುದು: ಸಿಲಿಕಾನ್ ಕಾರ್ಬೈಡ್ ಟಂಗ್‌ಸ್ಟನ್ ಕಾರ್ಬೈಡ್‌ಗಿಂತಲೂ ಗಟ್ಟಿ. ಹಾಗಾಗಿ ಆ ಮಿಲ್ ಚೆನ್ನಾಗಿಯೇ ಸವೆಯುತ್ತದೆ. ಕಾರ್ಬನ್ ಬೇಕಿದ್ದವರಿಗೆ ಅದು ಬೇಡ, ಟಂಗ್‌ಸ್ಟನ್ ಕಾರ್ಬೈಡ್‌ನಲ್ಲೇ 6.1 ಪರ್ಸೆಂಟ್ ಕಾರ್ಬನ್ ಇದೆ. ಬೋರಾನ್ ಕಾರ್ಬೈಡ್ ಮಾರ್ಟರ್ ಇನ್ನೂ ಗಟ್ಟಿ. ಬೋರಾನ್ ಅಳೆಯಬೇಕಿಲ್ಲದಿದ್ದರೆ ಮೆಟಲ್‌ಗಳಿಗೆ ಅದು ಒಳ್ಳೆಯದು. ಕಾರ್ಬನ್ ಲೆಕ್ಕಕ್ಕೆ ಅದೂ ಬೇಡ.

ನಾವು ಮಾಡುವುದು ಸ್ಟೀಲ್‌ನಲ್ಲಿ ಕುಟ್ಟಿ, ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ತೊಳೆಯುವುದು. ಸಿಲಿಕಾನ್ ಕಾರ್ಬೈಡ್‌ಗೆ ಆ ಆಸಿಡ್ ಏನೂ ಮಾಡಲ್ಲ, ಸ್ಟೀಲ್ ಹೋಗುತ್ತದೆ. ಆದರೆ ರಿಂಗ್‌ನೊಳಗೇ ಇದ್ದ ಬಿಡಿ ಕಬ್ಬಿಣವೂ ಜೊತೆಗೆ ಹೋಗುತ್ತದೆ ಅಲ್ವಾ? ಅದಕ್ಕೆ ಎರಡು ಪಾಲು ಮಾಡಿಕೊಳ್ಳುತ್ತೇವೆ. ಕಾರ್ಬನ್, ಸಿಲಿಕಾನ್, ಅಲ್ಯುಮಿನಿಯಂ ಎಲ್ಲ ಸ್ಟೀಲ್‌ನಲ್ಲಿ ಕುಟ್ಟಿ ತೊಳೆದ ಪಾಲಿನಿಂದ. ಕಬ್ಬಿಣ ಮಾತ್ರ ಸ್ಟೀಲ್ ಮುಟ್ಟದ, ಬೋರಾನ್ ಕಾರ್ಬೈಡ್‌ನಲ್ಲಿ ಅರೆದ ಪಾಲಿನಿಂದ. ಕೆಲಸ ದುಪ್ಪಟ್ಟು, ಆದರೆ ಸಂಖ್ಯೆಯ ಮೇಲೆ ಕೈ ಇಟ್ಟು ಹೇಳಬಹುದು.

ಇದನ್ನು ಅತಿ ನುಣ್ಣಗೆ ಅರೆಯುವುದೂ ತಪ್ಪು. ಹೊಸದಾಗಿ ಒಡೆದ ಮುಖ ಗಾಳಿಯ ಆಕ್ಸಿಜನ್ ಹಿಡಿಯುತ್ತದೆ, ಬಿಡಿ ಸಿಲಿಕಾ ಏರುತ್ತದೆ. ಬಿಡಿ ಕಾರ್ಬನ್ ಅಳೆಯಲು 850 ಡಿಗ್ರಿಯಲ್ಲಿ ಸುಡುವಾಗಲೂ ಅತಿ ನುಣ್ಣನೆ ಕಾರ್ಬೈಡ್ ತಾನೂ ಸ್ವಲ್ಪ ಸುಡಲು ಶುರುವಾಗುತ್ತದೆ. ಇದಕ್ಕೆಲ್ಲ ಐಎಸ್‌ಒ 21068ರ ಭಾಗಗಳಿವೆ, ತರಿಸಿ ಓದಿ. ಪರೀಕ್ಷೆಗೆ ಎನ್‌ಐಎಸ್‌ಟಿಯ 112ಬಿ ಸಿಲಿಕಾನ್ ಕಾರ್ಬೈಡ್ ಇದೆ.

ಮೂಸೆ

ಕಪ್ಪು ಹರಳು ಅವರು ಎರಡು ಪಾಲು ಮಾಡುವುದು ಹೇಳಿದ್ದು ಬಹಳ ಒಳ್ಳೆಯದಾಯಿತು. ಒಂದೇ ಪುಡಿಯಿಂದ ಎಲ್ಲ ಸಂಖ್ಯೆ ಬರಬೇಕು ಅನ್ನುವ ಹಟ ಬಿಟ್ಟರೆ ಅರ್ಧ ಕಷ್ಟ ಕಡಿಮೆ.

ಸೋಡಿಯಂಗೆ ಫ್ಯೂಶನ್ ಬಿಡಿ. ಫ್ಲಕ್ಸ್‌ನಲ್ಲೇ ಸೋಡಿಯಂ ಇರುತ್ತದೆ, ಮೇಲಿಂದ 1100 ಡಿಗ್ರಿಯಲ್ಲಿ ಸ್ವಲ್ಪ ಹಾರಿಹೋಗುತ್ತದೆ. ಸ್ಟೀಲ್ ಕವಚದೊಳಗೆ ಟೆಫ್ಲಾನ್ ಪಾತ್ರೆ ಇರುವ ಪ್ರೆಷರ್ ಬಾಂಬ್‌ನಲ್ಲಿ ಸಲ್ಫ್ಯೂರಿಕ್ ಆಸಿಡ್ ಹಾಕಿ 230 ಡಿಗ್ರಿಯ ಓವನ್‌ನಲ್ಲಿ ರಾತ್ರಿಯಿಡೀ ಇಟ್ಟರೆ ನುಣ್ಣನೆ ಅಲ್ಯುಮಿನಾ ಕರಗುತ್ತದೆ. ಪಾತ್ರೆ ತಯಾರಿಸಿದವರು ಹೇಳಿದ ಮಿತಿ ದಾಟಬೇಡಿ, ಪೂರ್ತಿ ತಣ್ಣಗಾಗದೆ ತೆರೆಯಬೇಡಿ. ಮುಂದೆ ಯಾವತ್ತಾದರೂ ಕಾರ್ಬೈಡ್‌ಗೆ ಹೈಡ್ರೋಫ್ಲೋರಿಕ್ ಆಸಿಡ್ ಬಳಸುವ ಸಂದರ್ಭ ಬಂದರೆ, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಲ್ಯಾಬ್‌ನಲ್ಲಿ ಇಲ್ಲದೆ ಬಾಟಲಿ ಮುಚ್ಚಳ ತೆಗೆಯಬೇಡಿ. ಇದರಲ್ಲಿ ರಾಜಿ ಇಲ್ಲ.

ಪೀಣ್ಯದ್ದೇ ಒಂದೆರಡು ವಿಷಯ. ಬೋರ್‌ವೆಲ್ ನೀರೋ ಟ್ಯಾಂಕರ್ ನೀರೋ ಬರುತ್ತಿದ್ದರೆ ಮಾರ್ಟರ್‌ನ ಕೊನೆಯ ತೊಳೆತ ಅದರಲ್ಲಿ ಆಗಬಾರದು. ಒಣಗಿದಾಗ ಉಳಿಯುವ ಬಿಳಿ ಕಲೆ ಕ್ಯಾಲ್ಸಿಯಂ, ಮೆಗ್ನೀಷಿಯಂ. ಅದು ನೇರವಾಗಿ ನಿಮ್ಮ ರಿಪೋರ್ಟ್‌ಗೆ ಹೋಗುತ್ತದೆ. ಪಕ್ಕದ ಶೆಡ್‌ಗಳಲ್ಲಿ ಗ್ರೈಂಡಿಂಗ್, ವೆಲ್ಡಿಂಗ್ ನಡೆಯುತ್ತಿದ್ದರೆ ಗಾಳಿಯಲ್ಲೇ ಕಬ್ಬಿಣ ಇರುತ್ತದೆ. ಒಂದು ಶುಭ್ರ ಪ್ಲಾಸ್ಟಿಕ್ ಬಟ್ಟಲಿಗೆ ಸ್ವಲ್ಪ ದುರ್ಬಲ ನೈಟ್ರಿಕ್ ಆಸಿಡ್ ಹಾಕಿ ರಾತ್ರಿ ಮೇಜಿನ ಮೇಲೆ ತೆರೆದಿಡಿ, ಬೆಳಿಗ್ಗೆ ಐಸಿಪಿಗೆ ಕೊಡಿ. ಕಬ್ಬಿಣ ಕಂಡರೆ ಅರೆಯುವ ಜಾಗಕ್ಕೆ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಕೊನೆಯದಾಗಿ, ಹೊರಗಿನ ಲ್ಯಾಬ್‌ನ 0.04 ಸರಿ ಅಂತ ಈಗಲೇ ಒಪ್ಪಿಕೊಳ್ಳಬೇಡಿ. ಫೋನ್ ಮಾಡಿ ಯಾವುದರಲ್ಲಿ ಅರೆದಿರಿ, ಅರೆದ ಮೇಲೆ ಆಸಿಡ್‌ನಲ್ಲಿ ತೊಳೆದಿರಾ ಅಂತ ಕೇಳಿ. ನುಣ್ಣನೆ ಪುಡಿಯನ್ನು ತೊಳೆದಿದ್ದರೆ ಅವರ ಸಂಖ್ಯೆ ಇರಬೇಕಾದದ್ದಕ್ಕಿಂತ ಕಡಿಮೆ ಇರಬಹುದು, ಕ್ಯಾಲ್ಸಿಯಂ ಕೂಡ ಕಡಿಮೆ ಬಂದಿರುತ್ತದೆ. ಅವರ ರಿಪೋರ್ಟ್‌ನ ಕ್ಯಾಲ್ಸಿಯಂ ಸಾಲನ್ನು ನಿಮ್ಮದರ ಪಕ್ಕ ಇಟ್ಟು ನೋಡಿ. ನಿಮ್ಮ ಸರ್ಟಿಫಿಕೇಟ್‌ನಲ್ಲೂ ಇನ್ನು ಮೇಲೆ ಮಾರ್ಟರ್ ಯಾವುದು, ಎಷ್ಟು ಮೈಕ್ರಾನ್‌ಗೆ ಇಳಿಸಿದ್ದು, ಆಸಿಡ್ ತೊಳೆತ ಯಾವ ಹಂತದಲ್ಲಿ ಅಂತ ಒಂದು ಸಾಲು ಬರೆಯಿರಿ. ಗ್ರಾಫ್ ಬಂದ ಮೇಲೆ ಇಲ್ಲಿ ಹಾಕಿ, ಸೊನ್ನೆ ನಿಮಿಷದ ಸಂಖ್ಯೆ ಎಷ್ಟು ಬಂತು ನೋಡೋಣ.